ದೊಡ್ಡಿಯ ಉದ್ದನೆಯ ಹೆಸರು

ದೊಡ್ಡಿ ಎಂದರೆ ನಮ್ಮಲ್ಲಿ ದನ ಕೂಡುವ ಜಾಗ. ಗಡಿ ದಾಟಿ ಗದ್ವಾಲದ ಕಡೆ ಹೋದರೆ ಅಲ್ಲಿಯ ತೆಲುಗಿನಲ್ಲಿ ದೊಡ್ಡಿಗೆ ಹೋಗುವುದು ಎಂದರೆ ಚೊಂಬು ಹಿಡಿದು ಬಯಲಿಗೆ ಹೋಗುವುದು. ಇದು ರಾಯಚೂರಿನ ಸಣ್ಣ ಮಕ್ಕಳಿಗೂ ಗೊತ್ತು. ದೊಡ್ಡಿ ನಡೆಸುವ ಸರಕಾರಿ ಕಚೇರಿಯವರಿಗೆ ಗೊತ್ತಿರಲಿಲ್ಲ. ಅವರಿಗೆ ಗೊತ್ತಿಲ್ಲದ್ದು ನನ್ನ ಸೊಸೆ ಗೋಪಮ್ಮನ ಬಿದಿರು ಪುಟ್ಟಿಗೆ ಬಂದು ಬಿತ್ತು.

ಸರಕಾರಿ ದೊಡ್ಡಿ ಊರ ಹೊರಗೆ, ಲಾರಿಗಳು ಓಡಾಡುವ ರಸ್ತೆಯ ಪಕ್ಕದಲ್ಲಿದೆ. ಮೊದಲು ಅಲ್ಲಿ ಬೀಡಾಡಿ ದನಗಳನ್ನಷ್ಟೇ ಕೂಡುತ್ತಿದ್ದರು. ಆಮೇಲೆ ನಾಯಿಗಳು ಬಂದವು. ದೇವದುರ್ಗದ ಸಂತೆಯಲ್ಲಿ ಯಾರೋ ಬಿಟ್ಟುಹೋದ ಕತ್ತೆಗಳು ಬಂದವು. ಮಾನ್ವಿಯಿಂದ ಒಂದು ಬಿಳಿ ಕುದುರೆ ಬಂತು. ಅದು ಮದುವೆ ಮೆರವಣಿಗೆಯಲ್ಲಿ ದುಡಿದ ಕುದುರೆ. ಮುಪ್ಪಾಗಿ ಕಾಲು ಸೋತಿದ್ದವು. ಆದರೂ ಎಲ್ಲಿಯಾದರೂ ಬ್ಯಾಂಡಿನ ಸದ್ದು ಕೇಳಿದರೆ ಮುಂಗಾಲು ಎತ್ತಿ ಕುಣಿಯುತ್ತಿತ್ತು.

ಇಷ್ಟೂ ಪ್ರಾಣಿಗಳ ಸೆಗಣಿ, ಲದ್ದಿ, ಗಂಜಳ ತೆಗೆಯುವವಳು ಗೋಪಮ್ಮ. ಸಲಿಕೆಯಿಂದ ಬಾಚಬೇಕು. ಪುಟ್ಟಿ ತುಂಬಬೇಕು. ತಲೆಯ ಮೇಲೆ ಹೊತ್ತು ತಿಪ್ಪೆಗೆ ಹಾಕಬೇಕು. ಮತ್ತೆ ಬಂದು ಬಾಚಬೇಕು. ರಾಯಚೂರಿನ ಬಿಸಿಲು ತಗಡಿನ ಮೇಲೆ ಬಿದ್ದು ಕೊಟ್ಟಿಗೆ ಕುಲುಮೆಯಾಗುತ್ತಿತ್ತು. ಸಂಜೆ ಅವಳು ನೆಟ್ಟಗೆ ನಿಲ್ಲಲು ಗೋಡೆ ಹಿಡಿಯಬೇಕಾಗುತ್ತಿತ್ತು. ಅದಕ್ಕೆ ಅವಳು ಒಂದು ದಿನವೂ ಗೊಣಗಿದವಳಲ್ಲ.

"ದನದ ಶಗಣಿ ಏನ್ ಹೊಲಸ ಮಾವ? ಮನಿ ಸಾರಸಂಗಿಲ್ಲೇನು?" ಅನ್ನುತ್ತಿದ್ದಳು.

ನಾನು ಗದ್ದೆಪ್ಪ. ಮಸರಕಲ್ಲಿನ ಶಾಲೆಯಲ್ಲಿ ಗಂಟೆ ಬಾರಿಸುತ್ತಿದ್ದೆ. ಹೋದ ಶ್ರಾವಣದಲ್ಲಿ ನನ್ನ ಹೆಂಡತಿ ತಿಮ್ಮವ್ವ ತೀರಿಕೊಂಡಳು. ಊರಲ್ಲಿ ಒಬ್ಬನೇ ಇರಲಾಗದೆ ಮಗ ಅಮರೇಶನ ಮನೆಗೆ ಬಂದೆ. ಅವನು ಆಟೋ ಓಡಿಸಲು ಹೋದರೆ, ಸೊಸೆ ದೊಡ್ಡಿಗೆ ಹೋದರೆ, ಮನೆ ಬರಿದು. ಬರಿದಾದ ಮನೆಯಲ್ಲಿ ತಿಮ್ಮವ್ವನ ಕೆಮ್ಮು ಕೇಳಿಸುತ್ತಿತ್ತು. ಅದಕ್ಕೆ ನಾನೂ ಸೊಸೆಯ ಜೊತೆ ಹೋಗಿ ದೊಡ್ಡಿಯ ಬೇವಿನ ಮರದ ಕೆಳಗೆ ಕೂತು ತಿಂಥಣಿಯ ಸಂತ ಮೌನಪ್ಪನ ಧ್ಯಾನ ಮಾಡುತ್ತಿದ್ದೆ. ನಾನು ಕಣ್ಣು ಮುಚ್ಚಿದೊಡನೆ ಕತ್ತೆಗಳು ಒಟ್ಟಿಗೆ ಒದರುತ್ತಿದ್ದವು. ಕಣ್ಣು ತೆರೆದರೆ ಸುಮ್ಮನಾಗುತ್ತಿದ್ದವು. ತಿಮ್ಮವ್ವ ಇದ್ದಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಕಚೇರಿಯವರು ದೊಡ್ಡಿಗೆ ಹೊಸ ಬೋರ್ಡು ಹಾಕಿಸಿದರು. ಹೊರಗಿನವರಿಗೂ ತಿಳಿಯಲಿ ಎಂದು ಕನ್ನಡ, ಉರ್ದು, ತೆಲುಗು ಮೂರರಲ್ಲೂ ಬರೆಸಿದರು. ಬರೆದವನು ಪೇಂಟರ್ ಸೊಹೇಲ್. ತೆಲುಗು ಅಕ್ಷರದಲ್ಲಿ 'ಸರಕಾರಿ ದೊಡ್ಡಿ' ಎಂದು ದುಂಡಗೆ ಬರೆದು, ಕೆಳಗೆ ಒಂದು ಬಾಣ ಎಳೆದ. ಗೇಟಿನ ದಾರಿ ತೋರಿಸಬೇಕಾದ ಆ ಬಾಣ ಮೇವಿನ ಶೆಡ್ಡಿನ ಹಿಂದಕ್ಕೆ, ಗೋಡೆ ಬಿದ್ದ ಮೂಲೆಯ ಕಡೆಗೆ ತೋರಿಸುತ್ತಿತ್ತು.

ಮರುದಿನವೇ ಒಂದು ಹತ್ತಿಯ ಲಾರಿ ನಿಂತಿತು. ಡ್ರೈವರ್ ನೀರಿನ ಬಾಟಲಿ ಹಿಡಿದು ಇಳಿದ. ಬೋರ್ಡು ಓದಿದ. ಬಾಣ ನೋಡಿದ. ನನಗೆ ಕೈ ಮುಗಿದು ಒಳಗೆ ಹೋದ. ಹೊರಗೆ ಬರುವಾಗ ಅವನ ಮುಖ ಬೆಳಗಿತ್ತು.

"ಕರ್ನಾಟಕಂ ಚಾಲಾ ಬಾಗುಂದಿ ತಾತಾ," ಅಂದ. ಕರ್ನಾಟಕ ಬಹಳ ಚೆನ್ನಾಗಿದೆಯಂತೆ. ಹೋಗುತ್ತ ಯಾರಿಗೋ ಫೋನ್ ಹಚ್ಚಿ ಜಾಗದ ಗುರುತು ಹೇಳಿದ.

ವಾರದೊಳಗೆ ಲಾರಿಗಳು ಸಾಲುಗಟ್ಟಿದವು. ಭತ್ತದವು, ಹತ್ತಿಯವು, ಮೆಣಸಿನಕಾಯಿಯವು. ಡ್ರೈವರ್, ಕ್ಲೀನರ್, ಹಮಾಲರು ಎಲ್ಲರೂ ಬಾಟಲಿ ಹಿಡಿದು ಬಾಣದ ಹಿಂದೆ ಹೋದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಸರಕಾರ ಕರೆದಿತ್ತು, ಅವರು ಬಂದರು.

ದೊಡ್ಡಿಯ ಜಮಾದಾರ ಗುರುಸಿದ್ದ. ಕೆಲಸ ಹೇಳುವುದು, ಹಾಜರಿ ಹಾಕುವುದು ಅವನ ಪಾಲು. ಅವನು ಮೂಲೆಗೆ ಹೋಗಿ, ಮೂಗು ಮುಚ್ಚಿಕೊಂಡು ಬಂದು ಕೂಗಿದ.

"ಏ ಗೋಪಿ! ಆ ಮೂಲಿನೂ ಬಾಚಬೇ."

"ಅದು ದನದ್ದಲ್ಲರೀ. ಮಂದಿ ಹೇಲು."

"ನೆಲಕ್ಕ ಬಿದ್ದ ಮ್ಯಾಲ ಯಾರದಾದರೇನು? ದೊಡ್ಡ್ಯಾಗ ಬಿದ್ದದ್ದು ದೊಡ್ಡಿದು. ಎತ್ತು."

ಅಂದು ಅವಳು ಎತ್ತಿದಳು. ಹಾಜರಿ ತಪ್ಪೀತೆಂಬ ಹೆದರಿಕೆಗೆ ಎತ್ತಿದಳು. ಸೆಗಣಿಯ ಪುಟ್ಟಿಯಲ್ಲೇ ತುಂಬಿದಳು. ಬಿದಿರಿನ ಸಂದಿಯಿಂದ ಇಳಿದು ಕೊರಳಿಗೆ ಬಂತು. ತಿಪ್ಪೆಯ ಬಳಿ ಕುಕ್ಕರಿಸಿ ವಾಂತಿ ಮಾಡಿದಳು. ಬಾಯಿ ಒರೆಸಿಕೊಳ್ಳಲು ಕೈ ಎತ್ತಿ, ಕೈ ನೋಡಿ, ಹಾಗೆಯೇ ಕೆಳಗೆ ಇಳಿಸಿದಳು. ಮನೆಗೆ ಬಂದು ಮೈ ತೊಳೆದಳು. ಮತ್ತೆ ತೊಳೆದಳು. ರೊಟ್ಟಿಯ ಹಿಟ್ಟು ಮುಟ್ಟಲಿಲ್ಲ. ಅಮರೇಶ ರೊಟ್ಟಿ ಬಡಿಯಲು ಹೋಗಿ ನಮ್ಮ ಜಿಲ್ಲೆಯ ನಕ್ಷೆ ಮಾಡಿದ. ಯಾರೂ ನಗಲಿಲ್ಲ.

ನಾನು ತಿಮ್ಮವ್ವನ ಫೋಟೋ ಕಡೆ ನೋಡಲಾರದೆ ಕೂತೆ. ಅವಳು ಸಣ್ಣ ಹುಡುಗಿಯಾಗಿದ್ದಾಗ ರಾಯಚೂರಿನ ಹಳೆಯ ಓಣಿಗಳಲ್ಲಿ ತಾಯಿಯ ಜೊತೆ ತಗಡಿನ ಬುಟ್ಟಿಯಲ್ಲಿ ಮಲ ಹೊತ್ತವಳು. ದೊಡ್ಡ ಮನೆಗಳ ಹಿತ್ತಲ ಬಾಗಿಲಲ್ಲಿ ನಿಂತು "ಅಮ್ಮಾ, ಬಂದೀವ್ರಿ" ಎಂದು ಕೂಗಬೇಕಿತ್ತಂತೆ. ಕೂಗು ಕೇಳಿ ಜನ ದೂರ ಸರಿಯಬೇಕಲ್ಲ, ಅದಕ್ಕೆ. ಮದುವೆಯಾಗಿ ಮಸರಕಲ್ಲಿಗೆ ಬಂದ ದಿನ ಅವಳು ನನ್ನಿಂದ ಸೀರೆ ಕೇಳಲಿಲ್ಲ, ಬಂಗಾರ ಕೇಳಲಿಲ್ಲ. "ನಮ್ಮ ಮನ್ಯಾಗ ಇನ್ನ ಯಾರೂ ಆ ಬುಟ್ಟಿ ಹೊರಬಾರದು. ಮಾತು ಕೊಡ್ರಿ," ಎಂದು ಕೇಳಿದಳು. ಕೊಟ್ಟಿದ್ದೆ. ಅವಳು ಹೋಗಿ ವರ್ಷ ತುಂಬುವುದರೊಳಗೆ ಆ ಮಾತು ಹೋಯಿತು.

ಬೆಳಗ್ಗೆ ಗೋಪಮ್ಮ ನನಗೆ ಚಹಾ ಕೊಟ್ಟು ಹೇಳಿದಳು: "ಮಾವ, ಇವತ್ತ ನಾ ಅದನ್ನ ಎತ್ತಂಗಿಲ್ಲ. ಕೆಲಸ ಹೋದರ ಹೋಗ್ಲಿ."

"ಹೋಗಲವ್ವ," ಅಂದೆ.

ಅವಳು ಗುರುಸಿದ್ದನ ಮುಂದೆ ಸಲಿಕೆ ಊರಿ ನಿಂತಳು. "ದನದ್ದು ಎತ್ತತೀನಿ. ಕತ್ತಿದು, ನಾಯಿದು, ಕುದುರಿದು ಎತ್ತತೀನಿ. ನಾಳೆ ಆನಿ ತಂದು ಕಟ್ಟಿದರೂ ಎತ್ತತೀನಿ. ಮಂದಿದು ಎತ್ತಂಗಿಲ್ಲ. ಎತ್ತಸಬಾರದು ಅಂತ ಕಾನೂನ ಅದ."

ಗುರುಸಿದ್ದನಿಗೆ ಕಾನೂನು ಎಂಬ ಮಾತು ಕೇಳಿದರೆ ತಲೆ ಬಿಸಿಯಾಗುತ್ತದೆ. ಕಚೇರಿಯ ಸಾಹೇಬರಿಗೆ ಫೋನ್ ಮಾಡಿದ.

ಸಾಹೇಬರು ಕಾರಿನಲ್ಲಿ ಬಂದರು. ಮೂಲೆಯನ್ನು ದೂರದಿಂದಲೇ ನೋಡಿದರು. ಬೇವಿನ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಸಭೆ ಕರೆದರು. ಸಭೆಯೆಂದರೆ ಗುರುಸಿದ್ದ, ಗೋಪಮ್ಮ, ನಾಯಿ ಹಿಡಿಯುವ ಹುಸೇನಪ್ಪ, ಪೇಂಟರ್ ಸೊಹೇಲ್. ನಾನು ಆಗಲೇ ಅಲ್ಲಿ ಕೂತಿದ್ದೆನಾದ್ದರಿಂದ ನಾನೂ ಸಭೆಯಾದೆ.

"ಯಾರಪ್ಪಾ ತೆಲುಗಿನ್ಯಾಗ ಹಂಗ ಬರದವ್ರು?" ಎಂದು ಕೇಳಿದರು.

"ನಾನೇ ಸರ್," ಅಂದ ಸೊಹೇಲ್. "ತೆಲುಗಿನ್ಯಾಗ ಇದರ ಮತಲಬ್ ಬ್ಯಾರೆ ಆಗ್ತದ ಅಂತ ನಾ ಹೇಳಿದ್ದೆ. ಕಾಗದದಾಗ ಇದ್ದಂಗ ಬರಿ, ಶಾಣ್ಯಾತನ ಮಾಡಬ್ಯಾಡ ಅಂದ್ರಿ."

ಸಾಹೇಬರು ಕೆಮ್ಮಿದರು. ಗೋಪಮ್ಮ ಮುಂದೆ ಬಂದಳು.

"ಬೋರ್ಡ್ ಅಳಸ್ರಿ ಸಾಹೇಬ್ರ. ಗೋಡಿ ಕಟ್ಟಸ್ರಿ. ಅತ್ತ ಕಡೆ ಒಂದು ಪಾಯಖಾನಿ ಕಟ್ಟಸ್ರಿ. ಲಾರಿಯವ್ರಿಗೂ ಆಗ್ತದ, ನಮಗೂ ಆಗ್ತದ. ಮುಂಜಾನಿಂದ ಸಂಜಿತನಕ ನಾವೂ ಹೊಟ್ಟಿ ಹಿಡ್ಕೊಂಡು ಸಾಯಾಕತ್ತೀವಿ."

"ಅದಕ್ಕೆಲ್ಲ ಮಂಜೂರಾತಿ ಬೇಕಮ್ಮ," ಅಂದರು ಸಾಹೇಬರು. "ಮೂಲ ಸಮಸ್ಯೆ ಹೆಸರಿನದು. ದೊಡ್ಡಿ ಅನ್ನೋದೇ ಕೀಳು ಮಾತು. ಈಗ ಇಲ್ಲಿ ಬರೀ ದನ ಇಲ್ಲ. ನಮ್ಮ ಸೇವೆಗಳು ವಿಸ್ತಾರ ಆಗ್ಯಾವ. ಹೆಸರು ಅದಕ್ಕೆ ತಕ್ಕಂಗ ಇರಬೇಕು."

ಹೆಸರಿನ ಮೇಲೆ ಚರ್ಚೆ ನಡೆಯಿತು. ಗುರುಸಿದ್ದ 'ಪಶು ವೈಕುಂಠ' ಅಂದ.

"ಅಲ್ಲಿಗೆ ಸತ್ತ ಮ್ಯಾಲ ಹೋಗ್ತಾರಲೇ," ಎಂದು ಹುಸೇನಪ್ಪ ನಕ್ಕ. "ನಾಯಿ ಹಿಡಿಯಾಕ ಹೋದಲ್ಲಿ, ವೈಕುಂಠಕ್ಕ ಒಯ್ತೀನಿ ಅಂದರ ಮಂದಿ ಬಡಿತಾರ ನನಗ."

ಕೊನೆಗೆ ಸಾಹೇಬರೇ ಒಂದು ಹೆಸರು ಇಟ್ಟರು. 'ಬಹೂದ್ದೇಶ ಸಕಲ ಪ್ರಾಣಿ ಸಂರಕ್ಷಣಾ ಹಾಗೂ ಕಲ್ಯಾಣ ಕೇಂದ್ರ.' ಹೇಳಿ ಮುಗಿಸಿ ಒಂದು ಲೋಟ ನೀರು ಕುಡಿದರು. ಹೊಸ ಹೆಸರಿನ ಉದ್ಘಾಟನೆಗೆ ಮೇಲಿನವರು ಬರುತ್ತಾರೆಂದೂ ಅಷ್ಟರೊಳಗೆ ಜಾಗ ಥಳಥಳ ಹೊಳೆಯಬೇಕೆಂದೂ ಹೇಳಿದರು.

"ಹೊಳಸ್ತೀನ್ರಿ. ಆ ಮೂಲಿ ಒಂದು ಬಿಟ್ಟು," ಅಂದಳು ಗೋಪಮ್ಮ.

ಸಾಹೇಬರು ಮುಗುಳ್ನಕ್ಕರು. ಆ ನಗು ನಾನು ಮರೆಯಲಾರೆ. "ಹೆಸರು ಕೇಳಿದ್ಯಲ್ಲ? ಸಕಲ ಪ್ರಾಣಿ. ಮನುಷ್ಯನೂ ಒಂದು ಪ್ರಾಣಿ ಅಂತ ಸೈನ್ಸ್ ಹೇಳ್ತದ. ಸಕಲ ಪ್ರಾಣಿಗಳ ಮಲ ತೆಗೆಯೋದು ಈಗ ನಿನ್ನ ಕೆಲಸದೊಳಗೇ ಬಂತು."

ಹುಸೇನಪ್ಪ ಎದ್ದು ಅಂಗಿಯ ತೋಳು ಮೇಲೆ ಸರಿಸಿದ.

"ಹಂಗಾರ ನನಗೂ ಹುಚ್ಚುನಾಯಿ ಇಂಜೆಕ್ಷನ್ ಹಾಕಸ್ರಿ ಸಾಹೇಬ್ರ. ನಾಯಿಗೋಳಿಗೆಲ್ಲ ಹಾಕೀರಿ. ಅವನ್ನ ಹಿಡಿಯೋ ಪ್ರಾಣಿಗೆ ಹಾಕಿಲ್ಲ."

"ಏ, ಸುಮ್ನ ಕೂಡಲೇ," ಅಂದ ಗುರುಸಿದ್ದ. "ಗೋಪಿ, ಕಡೀ ಮಾತು. ಎತ್ತತಿ ಏನು ಇಲ್ಲ?"

ಗೋಪಮ್ಮ ಸಲಿಕೆಯನ್ನು ನೆಲಕ್ಕೆ ಒಗೆದಳು. ಅದು ಕಲ್ಲಿಗೆ ಬಡಿದು ಕಿಡಿ ಹಾರಿತು.

"ದೊಡ್ಡಿಗೆ ಮಾರುದ್ದ ಹೆಸರಿಡತೀರಿ. ನನ್ನ ಹೆಸರು ಪೂರ್ತಿ ಕರಿಯಾಕ ನಿಮ್ಮ ಬಾಯಿ ನೋಯ್ತದ. ಗೋಪಮ್ಮ ನನ್ನ ಹೆಸರು. ಎತ್ತಂಗಿಲ್ಲ."

"ಹೊರಗ ನಡಿ ಹಂಗಾರ! ನಾಳಿಂದ ಈ ಗೇಟಿನೊಳಗ ಕಾಲಿಡಬ್ಯಾಡ!" ಎಂದು ಗುರುಸಿದ್ದ ಕೂಗಿದ.

ಅವಳು ಹೊರಗೆ ನಡೆದಳು. ಆದರೆ ಮನೆ ಹಿಡಿದು ಕೂಡಲಿಲ್ಲ. ಮರುದಿನ ಎಂದಿನ ಹೊತ್ತಿಗೆ ಬಂದು, ಗೋಡೆ ಬಿದ್ದ ಮೂಲೆಯ ಆಚೆ ಜಾಲಿಯ ನೆರಳಿನಲ್ಲಿ ಕೂತಳು. ನಾನೂ ಕೂತೆ. ಅಲ್ಲಿ ಕೂತರೆ ಲಾರಿಯವರು ಬರಲು ನಾಚಿದರು. ಒಬ್ಬ ಮುದುಕ, ಒಬ್ಬಳು ಹೆಂಗಸು ಎದುರಿಗೆ ಕೂತಿದ್ದರೆ ಯಾರು ತಾನೇ ಪಂಚೆ ಎತ್ತಿಯಾರು? ಕೆಲವರು ಬಾಟಲಿ ಬೆನ್ನ ಹಿಂದೆ ಅಡಗಿಸಿ ನಮಸ್ಕಾರ ಮಾಡಿ ತಿರುಗಿದರು. ಗೋಪಮ್ಮ ಅವರಿಗೆ ತನಗೆ ಬಂದಷ್ಟು ತೆಲುಗಿನಲ್ಲಿ ವಿಷಯ ಹೇಳಿದಳು. ಒಬ್ಬ ಮುದಿ ಡ್ರೈವರ್ ಕೇಳಿ, ಕಿವಿ ಹಿಡಿದುಕೊಂಡು, "ತಪ್ಪಯಿಂದಮ್ಮಾ," ಅಂದ.

ಒಳಗೆ ಸೆಗಣಿ ಏರಿತು. ಗುರುಸಿದ್ದ ಬೇರೆ ಹೆಂಗಸರನ್ನು ಕರೆದು ನೋಡಿದ. ನಮ್ಮ ಓಣಿಯಿಂದ ಒಬ್ಬರೂ ಬರಲಿಲ್ಲ. ಹುಸೇನಪ್ಪನಿಗೆ ಬಾಚಲು ಹೇಳಿದ. ತನ್ನ ಕೈಗೆ ನಾಯಿ ಕಚ್ಚಿದೆ ಎಂದು ಅವನು ಬಟ್ಟೆ ಸುತ್ತಿಕೊಂಡ. ಗುರುಸಿದ್ದ ತಾನೇ ಸಲಿಕೆ ಹಿಡಿದು ಒಂದು ಪುಟ್ಟಿ ಹೊತ್ತ. ಜಾರಿ ಗಂಜಳದಲ್ಲಿ ಕೂತ. ಕತ್ತೆಗಳು ಒದರಿದವು. ಆಗ ನಾನು ಧ್ಯಾನ ಮಾಡುತ್ತಿರಲಿಲ್ಲ. ಆದರೂ ಒದರಿದವು.

ಈ ನಡುವೆ ಹೊಸ ಬೋರ್ಡು ಬಂತು, ಮತ್ತೆ ಮೂರೂ ಭಾಷೆಯಲ್ಲಿ. ಹೆಸರು ಹಲಗೆಗಿಂತ ಉದ್ದವಾಗಿತ್ತು. ಸೊಹೇಲ್ ಸಾಹೇಬರ ಅಪ್ಪಣೆಯಂತೆ ಮೊದಲ ಪದಗಳನ್ನು ಇರುವೆಯಷ್ಟು ಮಾಡಿ, ಉಳಿದ 'ಕಲ್ಯಾಣ ಕೇಂದ್ರ'ವನ್ನು ದಪ್ಪಗೆ ಬರೆದ. ತೆಲುಗಿನಲ್ಲಿ ಕಲ್ಯಾಣವೆಂದರೆ ಮದುವೆ. ಮರುದಿನ ಒಂದು ಜೀಪಿನಲ್ಲಿ ವರನ ಕಡೆಯವರು ಇಳಿದರು. ಅಂಗಳ ಅಳೆದರು. ಬಾಡಿಗೆ ಕೇಳಿದರು. ಬಿಳಿ ಕುದುರೆಯೂ ಇಲ್ಲೇ ಸಿಗುತ್ತದೆಂದು ನೋಡಿ ಬಹಳ ಸಂತೋಷಪಟ್ಟರು.

"ಊಟದ ಹಾಲ್ ಎಲ್ಲಿ?" ಎಂದು ಕೇಳಿದಾಗ ಗುರುಸಿದ್ದ ತಲೆಗೆ ಕೈ ಹಚ್ಚಿ ಕೂತ. ಮೈಯೆಲ್ಲ ಗಂಜಳ ನಾರುತ್ತಿದ್ದ ಅವನನ್ನು ಅವರು ಅಡುಗೆಯವನೆಂದು ತಿಳಿದರು. ಒಪ್ಪಿಗೆಯಾಗದೆ ಹೊರಟುಹೋದರು. ಗೋಪಮ್ಮ ಗೋಡೆಯಾಚೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಕೆಲಸ ಹೋದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು.

ಆದರೆ ಮನೆಯಲ್ಲಿ ಹಿಟ್ಟಿನ ಡಬ್ಬಿ ಕೆಳಗಿಳಿದಿತ್ತು. ಅಮರೇಶನ ಆಟೋ ಒಂದರಿಂದ ಬದುಕು ಸಾಗದು. "ಇನ್ನ ಎಷ್ಟ ದಿನ ಕೂಡ್ತಿ?" ಎಂದು ಅವನು ಒಮ್ಮೆ ಕೇಳಿದ. ಕೇಳಿ, ತಾಯಿಯ ಫೋಟೋ ನೋಡಿ, ಮತ್ತೆ ಕೇಳಲಿಲ್ಲ.

ಉದ್ಘಾಟನೆಯ ದಿನ ಬಂತು. ಶಾಮಿಯಾನ ಹಾಕಿದರು. ಸೆಗಣಿಯ ಮೇಲೆ ಮರಳು ಸುರಿದು, ಮರಳಿನ ಮೇಲೆ ಕೆಂಪು ಜಮಖಾನೆ ಹಾಸಿದರು. ಜಮಖಾನೆ ಮೆತ್ತಗೆ ಒಳಗಿಳಿಯುತ್ತಿತ್ತು. ಬ್ಯಾಂಡಿನವರು ಬಂದರು. ಸಾಹೇಬರು ಬಿಳಿ ಬಟ್ಟೆ ಹಾಕಿಕೊಂಡು ಮೇಲಿನವರಿಗಿಂತ ಮುಂಚೆ ಬಂದರು. ಹಿಂದಿನ ದಿನ ಅವರು ಮಾನ್ವಿಯಲ್ಲಿ ಯಾರದೋ ಔತಣ ಉಂಡಿದ್ದರು. ಬೆಳಗ್ಗೆ ಬರುವ ದಾರಿಯಲ್ಲಿ ಬಿಸಿ ಮಿರ್ಚಿಯನ್ನೂ ತಿಂದಿದ್ದರು. ಇದು ಆಮೇಲೆ ಅವರ ಡ್ರೈವರ್ ಹೇಳಿದ್ದು.

ಕಾರಿನಿಂದ ಇಳಿದವರೇ ಗುರುಸಿದ್ದನ ಕಿವಿಯಲ್ಲಿ ಏನೋ ಕೇಳಿದರು. ಗುರುಸಿದ್ದ ಕೈ ಹಿಸುಕಿಕೊಂಡ. ಇಡೀ ಕೇಂದ್ರದಲ್ಲಿ ಅದೊಂದು ಇರಲಿಲ್ಲ. ಮಂಜೂರಾತಿ ಆಗಿರಲಿಲ್ಲ.

ಸಾಹೇಬರು ಮೊದಲು ನಡೆದರು. ಆಮೇಲೆ ಓಡಿದರು. ಮೇವಿನ ಶೆಡ್ಡು ಸುತ್ತಿ ಮೂಲೆಗೆ ಬಂದರೆ ಎದುರಿಗೆ ನಾನು ಮತ್ತು ಗೋಪಮ್ಮ.

"ಏ, ಏಳು! ಅತ್ತ ಹೋಗು!"

"ಎಲ್ಲಿಗೆ ಹೋಗ್ಲಿರಿ? ನೀವ ಹೊರಗ ಹಾಕೀರಿ. ಇದು ಹೊರಗ," ಅಂದಳು ಗೋಪಮ್ಮ.

ಸಾಹೇಬರ ಹಣೆಯಲ್ಲಿ ಬೆವರು ಹನಿಗಟ್ಟಿತ್ತು. "ನಿನ್ನ ಕಾಲಿಗೆ ಬೀಳ್ತೀನಿ ತಾಯಿ, ಆ ಕಡೆ ತಿರುಗು."

ಅವಳು ತಿರುಗಿ ಕೂತಳು. ನಾನೂ ತಿರುಗಿದೆ. ಆ ಗಳಿಗೆಗೆ ಬ್ಯಾಂಡಿನವರು ತಾಳ ಹಿಡಿದು ನೋಡಲು ಡ್ರಮ್ಮು ಬಾರಿಸಿದರು. ಬಿಳಿ ಕುದುರೆ ಹಗ್ಗ ಕಿತ್ತುಕೊಂಡು, ಕುಣಿಯುತ್ತ, ಶೆಡ್ಡಿನ ಹಿಂದಕ್ಕೆ ಬಂತು. ಕೂತ ಸಾಹೇಬರ ಸುತ್ತ ಮೆರವಣಿಗೆಯ ಹೆಜ್ಜೆ ಹಾಕಿತು. "ಹಚಾ, ಹಚಾ" ಎಂದು ಅವರು ಮೆಲ್ಲನೆ ಅನ್ನುತ್ತಿದ್ದದ್ದು ನಮಗೆ ಕೇಳಿಸುತ್ತಿತ್ತು. ನಾನು ಮೌನಪ್ಪನನ್ನು ಗಟ್ಟಿಯಾಗಿ ನೆನೆದೆ. ನಗು ಬಂದರೆ ಪಾಪ ಬರುತ್ತದೆಂದು ಹೆದರಿದೆ. ಬಂದೇ ಬಂತು.

ಸಾಹೇಬರು ಎದ್ದು ಬಟ್ಟೆ ಸರಿಪಡಿಸಿಕೊಳ್ಳುವಷ್ಟರಲ್ಲಿ ಗುರುಸಿದ್ದ ಓಡಿಬಂದ. ಕೈಯಲ್ಲಿ ಸಲಿಕೆಯಿತ್ತು.

"ಗೋಪಿ... ಗೋಪಮ್ಮಾ, ಲಗೂನ ಬಾ. ಮ್ಯಾಲಿನವ್ರ ಕಾರು ಬರಾಕತ್ತಾವ. ಕುದುರಿ ಹಿಡಿಯಾಕ ಮಂದಿ ಎಲ್ಲಾ ಈ ಕಡಿಗೇ ಬರತಾರ. ಇದನ್ನೊಂದು ಎತ್ತಿಬಿಡು. ಇವತ್ತೇ ಹಾಜರಿ ಹಾಕ್ತೀನಿ."

ಗೋಪಮ್ಮ ಎದ್ದು ನಿಂತಳು. ಬಿದ್ದ ಗೋಡೆ ದಾಟಲಿಲ್ಲ. ಸಾಹೇಬರ ಮುಖವನ್ನೇ ನೋಡಿ ಕೇಳಿದಳು:

"ಯಾವ ಪ್ರಾಣಿದರೀ ಇದು?"

ಗುರುಸಿದ್ದ ನೆಲ ನೋಡಿದ. ಸಾಹೇಬರು ಆಕಾಶ ನೋಡಿದರು.

"ಹೇಳ್ರಿ. ಇದು ಯಾವ ಪ್ರಾಣಿದು ಅಂತ ಆ ಮಂದಿ ಮುಂದ ಹೇಳ್ರಿ. ನಾ ಎತ್ತತೀನಿ."

ಶಾಮಿಯಾನದ ಕಡೆಯಿಂದ ಕಾರಿನ ಬಾಗಿಲು ಬಡಿದ ಸದ್ದು ಬಂತು. ಯಾರೋ "ಕುದುರೆ ಎಲ್ಲಿ?" ಎಂದು ಕೂಗಿದರು. ಹೆಜ್ಜೆಗಳು ಹತ್ತಿರವಾದವು. ಸಾಹೇಬರು ಗುರುಸಿದ್ದನ ಕಡೆ ನೋಡಿದರು. ಗುರುಸಿದ್ದ ಸಲಿಕೆಯನ್ನು ಗೋಡೆಗೆ ಒರಗಿಸಿ, ಎರಡೂ ಕೈ ಹಿಂದೆ ಕಟ್ಟಿಕೊಂಡ. ಅವನಿಗೂ ಅದು ಬೇಡವಾಗಿತ್ತು. ಅವನಿಗೂ ಬೇಡವಾದದ್ದು ಗೋಪಮ್ಮನಿಗೇಕೆ ಬೇಕು ಎಂಬುದು ಆ ದಿನದವರೆಗೆ ಅವನಿಗೆ ಹೊಳೆದಿರಲಿಲ್ಲ.

ಸಾಹೇಬರು ಸಲಿಕೆ ತೆಗೆದುಕೊಂಡರು. ಅದನ್ನು ಹೇಗೆ ಹಿಡಿಯಬೇಕೆಂದು ತಿಳಿಯದೆ ತಲೆಕೆಳಗಾಗಿ ಹಿಡಿದು, ಮತ್ತೆ ಸರಿ ಮಾಡಿಕೊಂಡರು. ಬಿಳಿ ಬಟ್ಟೆಯ ಸಾಹೇಬರು ಬಗ್ಗಿ, ಬೆಕ್ಕಿನ ಹಾಗೆ ಮಣ್ಣು ಎಳೆದೆಳೆದು ಮುಚ್ಚಿದರು. ಉಸಿರು ಏರಿತು. ಸೊಂಟ ಹಿಡಿದುಕೊಂಡರು. ಒಂದೇ ಒಂದನ್ನು ಮುಚ್ಚಿದ್ದಕ್ಕೆ ಸೊಂಟ ಹಿಡಿದುಕೊಂಡರು.

ಮೇಲಿನವರು, ಬ್ಯಾಂಡಿನವರು, ಹುಸೇನಪ್ಪ ಎಲ್ಲ ಶೆಡ್ಡು ಸುತ್ತಿ ಬಂದರು. ಸಲಿಕೆ ಹಿಡಿದು ನಿಂತ ಸಾಹೇಬರನ್ನು ನೋಡಿ ಮೇಲಿನವರು ಚಪ್ಪಾಳೆ ತಟ್ಟಿದರು. ಶ್ರಮದಾನವೆಂದು ತಿಳಿದರು. ಫೋಟೋ ತೆಗೆದರು.

"ಏನು ನೆಟ್ಟೀರಿ?" ಎಂದು ಮೇಲಿನವರು ಕೇಳಿದರು.

ಸಾಹೇಬರು ಬಾಯಿ ತೆರೆದರು. ಗೋಪಮ್ಮ ಗೋಡೆಯಾಚೆಯಿಂದಲೇ ಹೇಳಿದಳು:

"ಪಾಯಖಾನಿಗೆ ಜಾಗ ಗುರುತು ಮಾಡ್ಯಾರ್ರಿ. ಇಲ್ಲೇ ಕಟ್ಟಸ್ತಾರಂತ. ಹೌದಲ್ಲರೀ ಸಾಹೇಬ್ರ?"

"ಹೌದು ಹೌದು," ಅಂದರು ಸಾಹೇಬರು.

"ಅದರ ಗುಂಡಿಗೆ ಮಂದೀನ ಇಳಸಂಗಿಲ್ಲಂತ. ಮಶಿನ್ ಗಾಡಿ ತರಸ್ತಾರಂತ."

"ಹೌದು."

"ನಾಳಿಂದ ಗೋಪಮ್ಮ ಕೆಲಸಕ್ಕ ಬರಬೇಕಂತ. ಶಗಣಿ ಕೆಲಸಕ್ಕ."

"ಹೌದು ತಾಯಿ," ಅಂದರು ಸಾಹೇಬರು, ಮಣ್ಣಿನ ಗುಡ್ಡೆಯ ಮೇಲಿಂದ ಕಾಲು ತೆಗೆಯದೆ.

ಮೇಲಿನವರ ಮುಂದೆ ಆಡಿದ ಮಾತಾದ್ದರಿಂದ ಮಂಜೂರಾತಿ ಬೇಗ ಬಂತು. ಗೋಡೆ ಎದ್ದಿತು. ಪಾಯಖಾನೆ ಎದ್ದಿತು. ಒಂದು ಬಾಗಿಲು ಗಂಡಸರಿಗೆ, ಒಂದು ಹೆಂಗಸರಿಗೆ. ಅದಕ್ಕೂ ಉದ್ಘಾಟನೆ ಇಟ್ಟರು. ಟೇಪು ಕಟ್ಟಿದರು. ಸಾಹೇಬರು ಕತ್ತರಿ ಹಿಡಿದು ನಿಂತರು. ಭಾಷಣ ಶುರುವಾಯಿತು. ಸೇವೆಗಳ ವಿಸ್ತಾರ ಎಂಬ ಮಾತು ಮತ್ತೆ ಬಂತು. ಬಿಸಿಲು ಏರಿತು. ಕೊಟ್ಟಿಗೆ ಬಾಚಿ ಬಂದ ಗೋಪಮ್ಮ ಕೈಕಾಲು ತೊಳೆದುಕೊಂಡು ಜನರ ಹಿಂದೆ ನಿಂತಿದ್ದಳು. ಬೆಳಗಿನಿಂದ ಅವಳು ಎಲ್ಲಿಗೂ ಹೋಗಿರಲಿಲ್ಲ.

"ಸರೀರಿ ಒಂದೀಟು," ಅಂದಳು.

ಜನ ಸರಿದರು. ಟೇಪಿನ ಕೆಳಗೆ ಬಗ್ಗಿ ಹೆಂಗಸರ ಬಾಗಿಲಿನ ಒಳಗೆ ಹೋದಳು. ಚಿಲಕ ಹಾಕಿಕೊಂಡಳು. ಸಾಹೇಬರು ಕತ್ತರಿ ಹಿಡಿದುಕೊಂಡು ಹೊರಗೆ ಕಾಯುತ್ತ ನಿಂತರು.